ತಗ್ಗಿಸಿದ ಕಾರಿಗೆ ಗಾಳಿಯ ಆಧಾರ

ಹಳೆಯ ಮೋಟಾರು ಕಾರುಗಳಿಗೆ ಈಗ ಮತ್ತೊಮ್ಮೆ ಮರ್ಯಾದೆ ಬಂದಿದೆ. ಒಂದು ಕಾಲದಲ್ಲಿ ಡಾಕ್ಟರರ, ವಕೀಲರ, ಅಡಿಕೆ ವ್ಯಾಪಾರಿಗಳ ಮನೆಯಂಗಳದಲ್ಲಷ್ಟೇ ಕಾಣುತ್ತಿದ್ದ ಅಂಬಾಸಿಡರ್, ಫಿಯೆಟ್ ಕಾರುಗಳಲ್ಲಿ ಹೆಚ್ಚಿನವು ಗುಜರಿಯ ಪಾಲಾದವು. ಅಳಿದುಳಿದವು ಇದೀಗ ತರುಣರ ಕೈಗೆ ಬಂದು, ಹೊಸ ಬಣ್ಣ ಬಳಿಸಿಕೊಂಡು, ಮದುವೆ ದಿಬ್ಬಣಗಳಲ್ಲಿ ಮುಂದೆ ನಿಲ್ಲುತ್ತಿವೆ. ಸಂತೋಷದ ವಿಷಯವೇ ಸರಿ. ಆದರೆ ಈ ಮರ್ಯಾದೆಯ ಬೆನ್ನಿಗೆ ಎರಡು ಚಾಳಿಗಳೂ ಅಂಟಿಕೊಂಡು ಬಂದಿವೆ. ಮೊದಲನೆಯದು, ನೋಟಕ್ಕೆ ಚೆಂದವೆಂದು ಕಾರನ್ನು ನೆಲಕ್ಕೆ ತಾಗುವಷ್ಟು ತಗ್ಗಿಸುವುದು. ಎರಡನೆಯದು, ಹಾಗೆ ತಗ್ಗಿಸಿದ ಕಾರು ಹಂಪಿನಲ್ಲಿ ಹೊಟ್ಟೆ ಉಜ್ಜಿಕೊಳ್ಳುತ್ತದೆಂದು ಹಿಂಬದಿಗೆ ಗಾಳಿ ತುಂಬುವ ಶಾಕ್ ಎಬ್ಸಾರ್ಬರ್ ಹಾಕಿಸಿ ಅದನ್ನು ಮತ್ತೆ ಮೇಲಕ್ಕೆತ್ತುವುದು.

ಕನ್ನಡ ಶಾಲೆಯ ಮಾಷ್ಟ್ರನಿಗೆ ಈ ಉಸಾಬರಿ ಏಕೆ ಎಂದು ಯಾರಾದರೂ ಕೇಳಿಯಾರು. ಕಾರಣ ಸರಳವಾದುದು. ನಮ್ಮ ತರಗತಿಗಳಲ್ಲಿ ಕುಳಿತ ಹುಡುಗರಲ್ಲಿ ಕೆಲವರು ಕಾಲೇಜಿಗೆ ಹೋಗುತ್ತಾರೆ, ಕೆಲವರು ಗಲ್ಫಿಗೆ ಹೋಗುತ್ತಾರೆ, ಕೆಲವರು ಊರಿನ ವರ್ಕ್‌ಶಾಪುಗಳಲ್ಲಿ ಕಾರಿನ ಅಡಿಯಲ್ಲಿ ಮಲಗುತ್ತಾರೆ. ಕಾರಿನ ಯಜಮಾನ ಹೇಳಿದುದನ್ನು ಮಾಡಿಕೊಡುವವನು ಈ ಮೂರನೆಯ ಹುಡುಗ. ಏನಾದರೂ ಹೆಚ್ಚುಕಡಿಮೆಯಾದರೆ ಮೊದಲು ಬೈಗುಳ ತಿನ್ನುವವನೂ ಅವನೇ. ಅವನು ಮಾಡುವ ಕೆಲಸದ ಹಿಂದಿನ ಭೌತಶಾಸ್ತ್ರ ನಮ್ಮ ಒಂಬತ್ತನೆಯ, ಹತ್ತನೆಯ ತರಗತಿಗಳ ಪಾಠವೇ ಆಗಿದೆ. ಆದುದರಿಂದ ಈ ಬಗ್ಗೆ ನಾಲ್ಕು ಮಾತು ಬರೆಯುವುದು ಅಧ್ಯಾಪಕನ ಕೆಲಸಕ್ಕೆ ಹೊರತಾದುದೆಂದು ನಾನು ತಿಳಿಯಲಾರೆ.

ಹಲಕರ್ಣಿಯ ಒಂದು ಫಿಯೆಟ್

ಕೊಲ್ಲಾಪುರ ಜಿಲ್ಲೆಯ ಗಡಹಿಂಗ್ಲಜ ತಾಲೂಕಿನಲ್ಲಿ ಹಲಕರ್ಣಿ ಎಂಬ ಊರಿದೆ. ನಮ್ಮ ಕಾಸರಗೋಡಿನಂತೆಯೇ ಅದೂ ಗಡಿಯಾಚೆ ಉಳಿದ ಕನ್ನಡದ ಊರು. ಅಲ್ಲಿಯೂ ಮನೆಯ ಮಾತು ಒಂದು, ಕಚೇರಿಯ ಮಾತು ಇನ್ನೊಂದು. ನಮಗೆ ಮಲಯಾಳವಾದರೆ ಅವರಿಗೆ ಮರಾಠಿ. ಅಲ್ಲಿಯ ನನ್ನ ಪರಿಚಯದ ಕನ್ನಡ ಮಾಸ್ತರರೊಬ್ಬರ ಅಣ್ಣನ ಮಗ ಕೊಲ್ಲಾಪುರದ ಕಡೆಯಿಂದ ಒಂದು ಹಳೆಯ ಪ್ರೀಮಿಯರ್ ಪದ್ಮಿನಿಯನ್ನು ಕೊಂಡು ತಂದ. ನಾವೆಲ್ಲ ಫಿಯೆಟ್ ಎಂದೇ ಕರೆಯುವ ಕಾರು ಅದು. ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಕಂಪೆನಿ ಮುಂಬಯಿಯ ಕುರ್ಲಾದಲ್ಲಿ ತಯಾರಿಸುತ್ತಿದ್ದ ಈ ಕಾರು ದಶಕಗಳ ಕಾಲ ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ದುಡಿಯಿತು. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ಆ ನಗರದ ರಸ್ತೆಯಿಂದ ನಿವೃತ್ತವಾಯಿತು.

ಹಲಕರ್ಣಿಗೆ ಬಂದ ಪದ್ಮಿನಿಯನ್ನು ಅದರ ಹಿಂದಿನ ಯಜಮಾನ ತಗ್ಗಿಸಿದ್ದ. ಮುಂಭಾಗದ ಕಾಯಿಲ್ ಸ್ಪ್ರಿಂಗುಗಳ ಒಂದೊಂದು ಸುತ್ತನ್ನು ಕತ್ತರಿಸಲಾಗಿತ್ತು. ಹಿಂಭಾಗದಲ್ಲಿ ಅಚ್ಚಿಗೂ ಲೀಫ್ ಸ್ಪ್ರಿಂಗಿಗೂ ನಡುವೆ ಕಬ್ಬಿಣದ ದಪ್ಪ ತುಂಡುಗಳನ್ನಿಟ್ಟು, ಉದ್ದನೆಯ ಯು ಬೋಲ್ಟುಗಳಿಂದ ಬಿಗಿಯಲಾಗಿತ್ತು. ಹುಡುಗನೊಬ್ಬನೇ ಓಡಿಸುವಾಗ ತೊಂದರೆ ಕಾಣಲಿಲ್ಲ. ಆದರೆ ಮನೆಮಂದಿ ಸವದತ್ತಿಯ ಎಲ್ಲಮ್ಮನ ದರ್ಶನಕ್ಕೆಂದು ಹೊರಟಾಗ, ಒಳಗೆ ಐದು ಮಂದಿ, ಡಿಕ್ಕಿಯಲ್ಲಿ ಅಕ್ಕಿ-ಪಾತ್ರೆ ಆದಮೇಲೆ, ಸಂಕೇಶ್ವರ ದಾಟುವುದರೊಳಗೆ ಹಿಂದಿನ ಟಯರು ಮಡ್‌ಗಾರ್ಡಿಗೆ ತಿಕ್ಕಿ ವಾಸನೆ ಹೊಡೆಯಿತು. ಕಬ್ಬಿನ ಟ್ರಾಕ್ಟರುಗಳು ಓಡಾಡಿ ಕೊರೆದ ಹಳ್ಳಿಯ ರಸ್ತೆಯಲ್ಲಂತೂ ಸೈಲೆನ್ಸರು ಎರಡು ಸಲ ನೆಲಕ್ಕೆ ಬಡಿಯಿತು. "ಗಾಡಿ ನಿಂತಾಗ ಚಂದ ಕಾಣತೈತ್ರಿ ಸರ, ಮಂದಿ ಕುಂತ್ರ ನೆಲಾ ತಿಕ್ಕತೈತಿ. ಹಿಂದ ಗಾಳಿ ಶಾಕು ಹಾಕಿಸಿದ್ರ ಎಲ್ಲಾ ಸರಿ ಆಗತೈತಿ ಅಂತ ಹುಡುಗ ಹಟಾ ಹಿಡದಾನ" ಎಂದು ಮಾಸ್ತರರು ನನಗೆ ಫೋನಿನಲ್ಲಿ ಹೇಳಿದರು. ನಾನು ವಿಜ್ಞಾನ ಪಾಠ ಹೇಳುವವನಾದುದರಿಂದ ನನ್ನ ಅಭಿಪ್ರಾಯ ಬೇಕಿತ್ತಂತೆ.

ಅಭಿಪ್ರಾಯ ಹೇಳುವ ಮೊದಲು ಕುಂಬಳೆಯ ಸಮೀಪ ವರ್ಕ್‌ಶಾಪು ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕೇಳಿದೆ. ಅವನು ಒಂದೇ ಮಾತಿನಲ್ಲಿ ವಿಷಯದ ಬೇರನ್ನು ಹಿಡಿದ: "ಶಾಕು ಇರುವುದು ಭಾರ ಹೊರಲಿಕ್ಕೆ ಅಲ್ಲ ಮಾಷ್ಟ್ರೇ, ಕುಣಿತ ನಿಲ್ಲಿಸಲಿಕ್ಕೆ." ಇಡೀ ಚರ್ಚೆಯ ಸಾರ ಈ ಮಾತಿನಲ್ಲಿದೆ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಹೊರುವವನು ಯಾರು, ತಡೆಯುವವನು ಯಾರು?

ಕಾರಿನ ಭಾರವನ್ನು ಹೊರುವುದು ಸ್ಪ್ರಿಂಗು. ಅದು ಕಾಯಿಲ್ ಆಗಿರಬಹುದು, ಲೀಫ್ ಆಗಿರಬಹುದು, ಅಂಬಾಸಿಡರಿನ ಮುಂಭಾಗದಲ್ಲಿರುವಂತೆ ತಿರುಚಿಕೊಳ್ಳುವ ಉಕ್ಕಿನ ಸರಳೂ ಆಗಿರಬಹುದು. ಚಕ್ರ ಗುಂಡಿಗೆ ಬಿದ್ದಾಗ ಸ್ಪ್ರಿಂಗು ಕುಗ್ಗುತ್ತದೆ, ಹಿಗ್ಗುತ್ತದೆ, ಮತ್ತೆ ಕುಗ್ಗುತ್ತದೆ. ಒಮ್ಮೆ ತಳ್ಳಿದ ಜೋಕಾಲಿ ತಾನಾಗಿಯೇ ಬೇಗ ನಿಲ್ಲದು. ಹಗ್ಗವನ್ನು ಕೈಯಿಂದ ಹಿಡಿದು ನಿಲ್ಲಿಸಬೇಕು. ಶಾಕ್ ಎಬ್ಸಾರ್ಬರ್ ಎಂದರೆ ಆ ಹಿಡಿದು ನಿಲ್ಲಿಸುವ ಕೈ. ಅದರೊಳಗೆ ಎಣ್ಣೆ ತುಂಬಿದ ಕೊಳವೆ, ಸಣ್ಣ ಕಂಡಿಗಳಿರುವ ಪಿಸ್ಟನು ಇರುತ್ತವೆ. ಎಣ್ಣೆ ಆ ಕಂಡಿಗಳಲ್ಲಿ ನುಸುಳಿ ಹೋಗುವಾಗ ಚಲನೆಯ ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ. ಸಾಮಾನ್ಯ ಶಾಕು ಕಾರನ್ನು ಎತ್ತುವುದೂ ಇಲ್ಲ, ಇಳಿಸುವುದೂ ಇಲ್ಲ.

ಗಾಳಿಯ ಶಾಕು ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಎಣ್ಣೆಯ ಶಾಕಿನ ಸುತ್ತ ರಬ್ಬರಿನ ತೋಳಿನಂತಹ ಚೀಲವೊಂದನ್ನು ಕಟ್ಟಿ, ಅದಕ್ಕೆ ಸಪೂರ ಕೊಳವೆಯ ಮೂಲಕ ಗಾಳಿ ತುಂಬಿಸುತ್ತಾರೆ. ಟಯರಿಗಿರುವಂತಹದೇ ವಾಲ್ವು, ಪೆಟ್ರೋಲು ಬಂಕಿನಲ್ಲಿಯೂ ತುಂಬಿಸಬಹುದು. ಒತ್ತಡ ಹೆಚ್ಚಿಸಿದರೆ ಕಾರಿನ ಹಿಂಭಾಗ ಏರುತ್ತದೆ, ಗಾಳಿ ಬಿಟ್ಟರೆ ಇಳಿಯುತ್ತದೆ. ಅಮೆರಿಕದಲ್ಲಿ 1960ರ ದಶಕದಿಂದಲೇ ಇವು ಮಾರುಕಟ್ಟೆಯಲ್ಲಿವೆ. ಅಲ್ಲಿ ಇವನ್ನು ಕೊಳ್ಳುತ್ತಿದ್ದವರಲ್ಲಿ ಬಹಳ ಮಂದಿ ಡಿಕ್ಕಿಯಲ್ಲಿ ಸಾಮಾನು ತುಂಬಿಸುವವರು, ಹಿಂದೆ ಸಣ್ಣ ಬಂಡಿಯನ್ನು ಎಳೆಯುವವರು. ಅಂದರೆ, ಸರಿಯಾದ ಸ್ಪ್ರಿಂಗು ಇರುವ ಕಾರಿಗೆ ಅಪರೂಪಕ್ಕೊಮ್ಮೆ ಹೆಚ್ಚು ಭಾರ ಬಿದ್ದಾಗ ಕೊಡುವ ಊರುಗೋಲು ಇದು. ಕಾಲು ಮುರಿದವನಿಗೆ ಊರುಗೋಲನ್ನೇ ಕಾಲೆಂದು ಕೊಟ್ಟರೆ ನಡೆಯದು.

ಏಕೆ ನಡೆಯದು? ಒಂದು ಸಣ್ಣ ಲೆಕ್ಕ ಮಾಡೋಣ. ಗಾಳಿಚೀಲದ ಕೆಲಸ ಮಾಡುವ ವಿಸ್ತೀರ್ಣ 5 ಚದರ ಇಂಚು ಎಂದಿಟ್ಟುಕೊಳ್ಳಿ. ಒತ್ತಡ ಚದರ ಇಂಚಿಗೆ 60 ಪೌಂಡು. ಐದನ್ನು ಅರುವತ್ತರಿಂದ ಗುಣಿಸಿದರೆ 300 ಪೌಂಡು, ಎಂದರೆ ಸುಮಾರು 136 ಕಿಲೋ. ಇಷ್ಟು ಭಾರ ಒಂದು ಬದಿಯ ಶಾಕಿನ ಮೇಲೆ ಸದಾ ಕುಳಿತಿರುತ್ತದೆ. ಶಾಕಿನಿಂದ ಅದು ಎಲ್ಲಿಗೆ ಹೋಗುತ್ತದೆ? ಮೇಲಿನ ಬೋಲ್ಟಿಗೆ, ಬೋಲ್ಟಿನಿಂದ ಬ್ರಾಕೆಟಿಗೆ, ಅಲ್ಲಿಂದ ಬಾಡಿಯ ತಗಡಿಗೆ. ಈ ಬೋಲ್ಟು, ಬ್ರಾಕೆಟುಗಳನ್ನು ಮೂಲ ತಯಾರಕರು ಕುಣಿತ ತಡೆಯುವ ಬಲಕ್ಕೆ ಲೆಕ್ಕಹಾಕಿ ಮಾಡಿದ್ದಾರೆಯೇ ಹೊರತು ಕಾರಿನ ಭಾರ ಹೊರಲಿಕ್ಕೆಂದಲ್ಲ. ಐವತ್ತು ಮಳೆಗಾಲ ಕಂಡ ತಗಡು ಬೇರೆ. ಗುಂಡಿಯಲ್ಲಿ ಬಿದ್ದಾಗ ಈ ಬಲ ಇನ್ನೂ ಎಷ್ಟೋ ಪಾಲು ಹೆಚ್ಚುತ್ತದೆ. ಬ್ರಾಕೆಟು ಮೊದಲು ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ತುಕ್ಕು ಅದರೊಳಗೆ ಮನೆ ಮಾಡುತ್ತದೆ. ಮತ್ತೊಂದು ದಿನ ಕಿತ್ತು ಬರುತ್ತದೆ. ಅದು ಮನೆಯ ಗೇಟಿನೆದುರು ಕಿತ್ತು ಬಂದರೆ ಪುಣ್ಯ. ಚೆರ್ಕಳ ಗುಡ್ಡೆಯ ತಿರುವಿನಲ್ಲಿ ಕಿತ್ತು ಬಂದರೆ?

ಉದ್ದದ ಲೆಕ್ಕ

ತಗ್ಗಿಸಿದ ಕಾರಿನಲ್ಲಿ ಇನ್ನೊಂದು ತೊಡಕಿದೆ. ಹೆಚ್ಚಿನವರು ಲಕ್ಷ್ಯ ಕೊಡದ ವಿಷಯವಿದು. ಶಾಕಿಗೆ ಎರಡು ಅಳತೆಗಳುಂಟು: ಪೂರ್ತಿ ಹಿಗ್ಗಿದಾಗ ಎಷ್ಟು ಉದ್ದ, ಪೂರ್ತಿ ಕುಗ್ಗಿದಾಗ ಎಷ್ಟು ಉದ್ದ. ಲೆಕ್ಕಕ್ಕಾಗಿ ಹಿಗ್ಗಿದಾಗ 20 ಇಂಚು, ಕುಗ್ಗಿದಾಗ 12 ಇಂಚು ಎನ್ನೋಣ. ಕಾರು ತನ್ನ ಸಹಜ ಎತ್ತರದಲ್ಲಿ ನಿಂತಾಗ ಅದು 16 ಇಂಚಿನಲ್ಲಿದ್ದರೆ ಮೇಲಕ್ಕೆ ನಾಲ್ಕು, ಕೆಳಕ್ಕೆ ನಾಲ್ಕು ಇಂಚು ಆಡಲು ಜಾಗವಿದೆ. ಈಗ ಕಾರನ್ನು ಮೂರು ಇಂಚು ತಗ್ಗಿಸಿದಿರಿ. ಶಾಕು 13 ಇಂಚಿಗೆ ಬಂತು. ಕುಗ್ಗಲು ಉಳಿದುದು ಒಂದೇ ಇಂಚು. ಮೊದಲನೆಯ ಹಂಪಿನಲ್ಲಿಯೇ ಪಿಸ್ಟನು ತಳಕ್ಕೆ ಬಡಿದು ಶಾಕು ಹಾಳಾಗುತ್ತದೆ. ಆದುದರಿಂದ ತಗ್ಗಿಸಿದ ಕಾರಿಗೆ ಗಿಡ್ಡನೆಯ ಶಾಕು ಬೇಕು. ಸಹಜ ಎತ್ತರದ ಕಾರಿಗೆಂದು ಮಾಡಿದ ಗಾಳಿಯ ಶಾಕನ್ನು ತಂದು ಇದಕ್ಕೆ ಹಾಕಿದರೆ ಮೊದಲ ದಿನದಿಂದಲೇ ಅದು ಕುಗ್ಗಿ ಕುಳಿತಿರುತ್ತದೆ. ತೀರ ಗಿಡ್ಡನೆಯದನ್ನು ತಂದು ಗಾಳಿ ತುಂಬಿಸಿ ಎತ್ತಿದರೆ ಅದು ಪೂರ್ತಿ ಹಿಗ್ಗಿ, ಚಕ್ರ ಕೆಳಗಿಳಿಯಬೇಕಾದಲ್ಲಿ ಇಳಿಯದೆ ನೇತಾಡುತ್ತದೆ. ಕೊಳ್ಳುವ ಮುಂಚೆ ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿನ ವರೆಗೆ ಅಳೆದು ಬರೆದುಕೊಳ್ಳದವನು ಹಣ ದಂಡ ಮಾಡಿಕೊಂಡಂತೆಯೇ.

ಕೊಳವೆಯ ವಿಷಯವೂ ಹಾಗೆಯೇ. ಎರಡು ಬದಿಯ ಶಾಕುಗಳಿಗೆ ಒಂದೇ ಕೊಳವೆ, ಒಂದೇ ವಾಲ್ವು ಇಟ್ಟರೆ ಕೆಲಸ ಸುಲಭ, ಖರ್ಚು ಕಡಿಮೆ. ಆದರೆ ತಿರುವಿನಲ್ಲಿ ಕಾರು ಹೊರಬದಿಗೆ ವಾಲಿದಾಗ ಆ ಬದಿಯ ಗಾಳಿ ಒತ್ತಿಕೊಂಡು ಒಳಬದಿಯ ಚೀಲಕ್ಕೆ ಓಡುತ್ತದೆ. ವಾಲಿದ ಬದಿ ಇನ್ನೂ ಕುಸಿಯುತ್ತದೆ, ಏರಿದ ಬದಿ ಇನ್ನೂ ಏರುತ್ತದೆ. ಬಸ್ಸಿನಲ್ಲಿ ನಿಂತವರೆಲ್ಲರೂ ತಿರುವಿನಲ್ಲಿ ಒಂದೇ ಕಡೆಗೆ ಜರುಗಿದಂತೆ. ಬೇರೆ ಬೇರೆ ಕೊಳವೆ, ಬೇರೆ ಬೇರೆ ವಾಲ್ವು ಇದ್ದರೆ ಈ ಅಪಾಯವಿಲ್ಲ. ಕೊಳವೆಯನ್ನು ಸೈಲೆನ್ಸರಿನ ಬಿಸಿಯಿಂದ ದೂರ ಒಯ್ಯಬೇಕು. ಖಾಲಿ ಕಾರಿನಲ್ಲಿಯೂ ತಯಾರಕರು ಹೇಳಿದ ಕನಿಷ್ಠ ಗಾಳಿ, ಸಾಮಾನ್ಯವಾಗಿ ಚದರ ಇಂಚಿಗೆ 20ರಿಂದ 25 ಪೌಂಡು, ಇರಲೇಬೇಕು. ಇಲ್ಲವಾದರೆ ರಬ್ಬರು ಮಡಿಕೆಯಾಗಿ ತನ್ನನ್ನು ತಾನೇ ತಿಕ್ಕಿಕೊಂಡು ಹರಿಯುತ್ತದೆ. ಹಿಂಭಾಗ ಏರಿದಷ್ಟೂ ಹೆಡ್‌ಲೈಟಿನ ಬೆಳಕು ಹತ್ತಿರದ ನೆಲವನ್ನಷ್ಟೇ ನೋಡುತ್ತದೆ. ಅದನ್ನೂ ಮತ್ತೆ ಹೊಂದಿಸಬೇಕು.

ಇಷ್ಟನ್ನೆಲ್ಲ ಸರಿಯಾಗಿ ಮಾಡುವ ಕುಶಲಿಗಳು ನಮ್ಮಲ್ಲಿ ಇಲ್ಲವೆಂದಲ್ಲ, ಇದ್ದಾರೆ. ಆದರೆ ಪೆಟ್ಟಿಗೆಯೊಳಗಿನ ಸೂಚನೆ ಇಂಗ್ಲಿಷಿನಲ್ಲಿ, ಕೆಲಸ ಮಾಡುವ ಹುಡುಗ ಕನ್ನಡ ಮಾಧ್ಯಮದವನು, ಯಜಮಾನನಿಗೆ ಸಂಜೆಯೊಳಗೆ ಕಾರು ಬೇಕು. ಈ ಮೂರೂ ಕೂಡಿದಲ್ಲಿ ಅಳತೆಪಟ್ಟಿ ಮೂಲೆಗೆ ಬೀಳುತ್ತದೆ.

ಹಲಕರ್ಣಿಯವರಿಗೆ ನಾನು ತಿಳಿಸಿದುದು ಇಷ್ಟೆ: ಮೊದಲು ಹಿಂದಿನ ಕಬ್ಬಿಣದ ತುಂಡುಗಳನ್ನು ತೆಗೆಸಿ, ಲೀಫುಗಳನ್ನು ಬಿಚ್ಚಿಸಿ, ಬಾಗು ಸರಿಮಾಡಿಸಿ, ಮುಂಭಾಗಕ್ಕೆ ಕತ್ತರಿಸದ ಸ್ಪ್ರಿಂಗು ಹಾಕಿಸಿ. ಆಮೇಲೆಯೂ ಜಾತ್ರೆಗೆ ಹೋಗುವಾಗ ಹಿಂಭಾಗ ಕುಳಿತರೆ ಗಾಳಿಯ ಶಾಕಿನ ಮಾತೆತ್ತಬಹುದು. ಕೊಲ್ಲಾಪುರ ಉದ್ಯಮನಗರದಂತಹ ಕಾರ್ಖಾನೆಗಳ ಬೀಡು ಹತ್ತಿರದಲ್ಲಿಯೇ ಇರುವಾಗ ಅವರಿಗೆ ಇದು ಕಷ್ಟವಾಗಲಿಲ್ಲ. ಕಾರು ಎತ್ತರವಾಯಿತೆಂದು ಹುಡುಗನಿಗೆ ಸ್ವಲ್ಪ ಬೇಸರ. ಅವನ ಅಜ್ಜಿಗೆ ಮಾತ್ರ ಹತ್ತಿ ಇಳಿಯಲು ಸುಖವಾಗಿದೆಯಂತೆ. ಗಾಳಿಯ ಶಾಕು ಈ ವರೆಗೆ ಬೇಕಾಗಿಲ್ಲ.

ಕಾಯಿದೆ ಏನು ಹೇಳುತ್ತದೆ?

ಇನ್ನು ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಮೂದಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. ಇದರ ಅರ್ಥವನ್ನು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಬಿಗಿಯಾಗಿ ಹೇಳಿತು. ಆ ಮೊಕದ್ದಮೆ ನಮ್ಮ ಕೇರಳದಿಂದಲೇ ಹೋದುದು. ಮಾರ್ಪಾಡಿಗೆ ಅವಕಾಶವಿತ್ತ ಹೈಕೋರ್ಟಿನ ತೀರ್ಪನ್ನು ಅದು ತಳ್ಳಿಹಾಕಿತು. ಅದೇ ವರ್ಷದ ತಿದ್ದುಪಡಿಯಂತೆ, ಕಾಯಿದೆ ಒಪ್ಪದ ಮಾರ್ಪಾಡು ಮಾಡಿದ ಯಜಮಾನನಿಗೆ ಆರು ತಿಂಗಳ ವರೆಗೆ ಸಜೆ, ಇಲ್ಲವೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೆ ಎರಡೂ ಆಗಬಹುದು. ಕೊಲ್ಲಾಪುರದ ಎಂ.ಎಚ್. 09 ನಂಬರಿಗೂ ಕಾಸರಗೋಡಿನ ಕೆ.ಎಲ್. 14 ನಂಬರಿಗೂ ಕಾಯಿದೆ ಒಂದೇ.

ಆದರೆ ಅದೇ 52ನೆಯ ಕಲಮಿನ ವಿವರಣೆಯಲ್ಲಿ, ಮಾರ್ಪಾಡು ಎಂದರೆ ವಾಹನದ ಮೂಲ ಲಕ್ಷಣವನ್ನೇ ಬದಲಿಸುವಂತಹ ರಚನೆಯ ಬದಲಾವಣೆ ಎಂದಿದೆ. ಚಾಸಿ ಕತ್ತರಿಸುವುದು ಅಂತಹದೆಂಬುದರಲ್ಲಿ ಸಂಶಯವಿಲ್ಲ. ಮೂಲ ಬೋಲ್ಟಿನಲ್ಲಿಯೇ ಕೂರುವ, ಹತ್ತು ನಿಮಿಷದಲ್ಲಿ ಬಿಚ್ಚಿ ತೆಗೆಯಬಹುದಾದ ಶಾಕು ಅಂತಹದೇ? ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸುವುದು? ಇದನ್ನು ರಸ್ತೆಯ ಬದಿಯಲ್ಲಿ ನಿಂತ ಬ್ರೇಕ್ ಇನ್‌ಸ್ಪೆಕ್ಟರರ ಆ ದಿನದ ವಿವೇಚನೆಗೆ ಬಿಡುವುದು ನ್ಯಾಯವೂ ಅಲ್ಲ, ಅವರಿಗೂ ಅನುಕೂಲವಲ್ಲ.

ಕೇರಳದಲ್ಲಿ ಈ ವಿಷಯ ಕಾವೇರಿದುದನ್ನು ಓದುಗರು ಮರೆತಿರಲಾರರು. 2021ರ ಆಗಸ್ಟಿನಲ್ಲಿ ಕಣ್ಣೂರಿನಲ್ಲಿ ಪ್ರವಾಸದ ವೀಡಿಯೊ ಮಾಡುವ ಸಹೋದರರಿಬ್ಬರ ವಾಹನವನ್ನು ಅಧಿಕಾರಿಗಳು ಹಿಡಿದಾಗ ರಾಜ್ಯವೇ ಎರಡು ಪಾಲಾಗಿ ವಾದಿಸಿತು. 2024ರಲ್ಲಿ ಆಲಪ್ಪುಳದಲ್ಲಿ ಒಬ್ಬಾತ ಕಾರಿನೊಳಗೆ ನೀರು ತುಂಬಿಸಿ ಈಜುಕೊಳ ಮಾಡಿಕೊಂಡು ರಸ್ತೆಗಿಳಿದ. ಅಂತಹ ಹುಚ್ಚಾಟಕ್ಕೆ ಶಿಕ್ಷೆ ಬೇಕೇಬೇಕು. ಆದರೆ ಕಾರಿನೊಳಗೆ ಈಜುಕೊಳ ಮಾಡಿದವನನ್ನೂ ಅಜ್ಜನ ಅಂಬಾಸಿಡರಿಗೆ ಒಳ್ಳೆಯ ಶಾಕು ಹಾಕಿದವನನ್ನೂ ಒಂದೇ ಹಗ್ಗದಲ್ಲಿ ಕಟ್ಟಿದರೆ ಕಾಯಿದೆಯ ಮೇಲಿನ ಗೌರವ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ.

ಲಾಸ್ ಏಂಜಲೀಸಿನ ಪಾಠ

ಈ ಬಗೆಯ ಜಗ್ಗಾಟ ಹೊಸತಲ್ಲ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಎರಡನೆಯ ಮಹಾಯುದ್ಧದ ತರುವಾಯ ಮೆಕ್ಸಿಕೋ ಮೂಲದ, ಮನೆಯಲ್ಲಿ ಸ್ಪ್ಯಾನಿಷ್ ಆಡುವ ತರುಣರು ಹಳೆಯ ಷೆವರ್ಲೆ ಕಾರುಗಳನ್ನು ಕೊಂಡು ತಗ್ಗಿಸತೊಡಗಿದರು. ಡಿಕ್ಕಿಯಲ್ಲಿ ಮರಳಿನ ಚೀಲ ಇಟ್ಟರು, ಸ್ಪ್ರಿಂಗು ಕತ್ತರಿಸಿದರು. ಅವರು ಅಲ್ಲಿಯ ಭಾಷಾ ಅಲ್ಪಸಂಖ್ಯಾತರು. ನಿಧಾನವಾಗಿ, ತಗ್ಗಾಗಿ, ಚೆಂದವಾಗಿ ಹೋಗುವ ಕಾರು ಅವರಿಗೆ ತಮ್ಮತನದ ಗುರುತಾಯಿತು. ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿನ ತಳಕ್ಕಿಂತ ಕೆಳಗೆ ಬರಬಾರದೆಂದು ಕ್ಯಾಲಿಫೋರ್ನಿಯದ ಸರಕಾರ 1958ರಲ್ಲಿ ಕಾಯಿದೆ ಜಾರಿಗೆ ತಂದಿತು. ಮರುವರ್ಷವೇ ರಾನ್ ಅಗೀರೆ ಎಂಬ ತರುಣ ತನ್ನ ಕಾರಿಗೆ ಹಳೆಯ ವಿಮಾನಗಳ ಹೈಡ್ರಾಲಿಕ್ ಪಂಪು, ವಾಲ್ವುಗಳನ್ನು ಜೋಡಿಸಿದ. ಪೋಲೀಸರು ಕಂಡಾಗ ಕಾರು ಮೇಲೆ, ಅವರು ಮರೆಯಾದಾಗ ಕೆಳಗೆ! ಕಾನೂನು ಒಂದು ಬಾಗಿಲು ಮುಚ್ಚಿದಾಗ ಜಾಣತನ ಕಿಟಿಕಿಯನ್ನು ತೆರೆಯಿತು. ಕೊನೆಗೆ, ಅರುವತ್ತಾರು ವರ್ಷಗಳ ಬಳಿಕ, 2024ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಕಾಯಿದೆಯಿಂದ ಸ್ವಂತದ ಕಾರುಗಳ ಮೇಲಿನ ಆ ನಿರ್ಬಂಧವನ್ನು ಕ್ಯಾಲಿಫೋರ್ನಿಯ ತೆಗೆದುಹಾಕಿತು.

ಇದರಿಂದ ನಮ್ಮಲ್ಲಿಯೂ ಎಲ್ಲವನ್ನೂ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಅಲ್ಲಿಯ ರಸ್ತೆ ಬೇರೆ, ನಮ್ಮ ಹಂಪು, ಗುಂಡಿ, ಮಳೆಗಾಲ ಬೇರೆ. ನಾನು ಎತ್ತಿ ತೋರಿಸುವ ಅಂಶ ಒಂದೇ: ತರುಣರ ಕೈಚಳಕವನ್ನು ಕೇವಲ ದಂಡದಿಂದ ತಡೆಯಲು ಹೊರಟರೆ ಅದು ನಿಲ್ಲುವುದಿಲ್ಲ, ಕತ್ತಲೆಗೆ ಸರಿಯುತ್ತದೆ. ಹಗಲಿನಲ್ಲಿ ಅಳತೆ ನೋಡಿ ಮಾಡುವ ಕೆಲಸ ರಾತ್ರಿ ಶಟರು ಎಳೆದು ಮಾಡುವ ಕೆಲಸವಾಗುತ್ತದೆ. ಅಂತಹ ಕೆಲಸದಲ್ಲಿ ಬ್ರಾಕೆಟು ಬಿರುಕು ಬಿಟ್ಟಿದೆಯೇ ಎಂದು ನೋಡುವವರು ಯಾರು?

ಬಿಚ್ಚಬಹುದಾದುದು, ಬಿಚ್ಚಲಾಗದುದು

ಈ ಎಲ್ಲ ಗೊಂದಲದ ನಡುವೆ ಒಂದು ಸರಳ ಸೂತ್ರವನ್ನು ನಮ್ಮ ಹುಡುಗರು ಪಾಲಿಸಬಹುದೆಂದು ನನ್ನ ನಂಬಿಕೆ. ಹಳೆಯ ಕಾರಿಗೆ ಏನು ಮಾಡುವುದಿದ್ದರೂ ಅದು ಸ್ಪ್ಯಾನರಿನಿಂದ ಬಿಚ್ಚಿ ಮೊದಲಿನಂತೆ ಮಾಡಬಹುದಾದುದಾಗಿರಲಿ. ಗರಗಸ, ಗ್ಯಾಸು, ವೆಲ್ಡಿಂಗು ಬೇಕಾಗುವ ಕೆಲಸಕ್ಕೆ ಕೈ ಹಾಕುವುದು ಬೇಡ. ಬದಲಿ ಶಾಕು ಬಿಚ್ಚಬಹುದು. ಕತ್ತರಿಸಿದ ಸ್ಪ್ರಿಂಗು ಮತ್ತೆ ಬೆಳೆಯದು.

ಈ ಸೂತ್ರಕ್ಕೆ ಹಣದ ಲಾಭವೂ ಇದೆ. ಕೇಂದ್ರ ಸರಕಾರ 2021ರ ಜುಲಾಯಿಯಲ್ಲಿ ಪ್ರಕಟಿಸಿದ ನಿಯಮದಂತೆ, ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿದ ದ್ವಿಚಕ್ರ, ಚತುಶ್ಚಕ್ರ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ. ಆದರೆ ಒಂದು ಷರತ್ತಿದೆ: ಚಾಸಿ, ಬಾಡಿಯ ಕವಚ, ಎಂಜಿನುಗಳಲ್ಲಿ ಹೆಚ್ಚಿನ ಮಾರ್ಪಾಡು ಆಗಿರಬಾರದು. 1974ರಲ್ಲಿ ನೋಂದಣಿಯಾದ ಫಿಯೆಟು 2024ರಲ್ಲಿ ಈ ಅರ್ಹತೆಗೆ ಬಂತು. ಶಾಕಿಗಾಗಿ ಚಾಸಿಗೆ ಹೊಸ ಬ್ರಾಕೆಟು ಬೆಸೆದಿದ್ದರೆ, ಬಾಡಿ ಕೊರೆದಿದ್ದರೆ, ಆ ಅರ್ಹತೆಯನ್ನು ಹುಡುಗಾಟಕ್ಕಾಗಿ ಕಳಕೊಂಡಂತೆ ಆಗಬಹುದು. 2014ರಲ್ಲಿ ಉತ್ತರಪಾಡದ ಕಾರ್ಖಾನೆ ಅಂಬಾಸಿಡರಿನ ತಯಾರಿ ನಿಲ್ಲಿಸಿತು. ಇನ್ನು ಅವು ಕಡಿಮೆಯಾಗುವವೇ ಹೊರತು ಹೆಚ್ಚುವವಲ್ಲ.

ಧರ್ಮಸ್ಥಳಕ್ಕೆ ಹೋದವರು ಅಲ್ಲಿಯ ಹಳೆಯ ಕಾರುಗಳ ಸಂಗ್ರಹವನ್ನು ನೋಡಿಯೇ ಇರುತ್ತಾರೆ. ಕೊಲ್ಲಾಪುರದ ದಸರೆಗೆ ಅರಮನೆಯ ಹಳೆಯ ಮೇಬ್ಯಾಕ್ ಕಾರು ಬರುವಾಗ ಊರಿಗೆ ಊರೇ ನೋಡಲು ನಿಲ್ಲುತ್ತದೆ. ಅವುಗಳ ಗೌರವ ಎಲ್ಲಿಂದ ಬಂತು? ಅವು ಮಾಡಿದವನ ಕೈಯಿಂದ ಹೇಗೆ ಹೊರಬಂದವೋ ಹಾಗೆಯೇ ನಿಂತಿರುವುದರಿಂದ. ಅರಸರ ಕಾರಿಗೆ ಸಲ್ಲುವ ಮಾತು ನಮ್ಮ ಮಾವಂದಿರ ಫಿಯೆಟಿಗೂ ಸಲ್ಲುತ್ತದೆ.

"ನನ್ನ ಕಾರು, ನನ್ನ ಇಷ್ಟ" ಎನ್ನುವವರುಂಟು. ಅಂಗಳದಲ್ಲಿ ನಿಂತಿರುವ ತನಕ ಆ ಮಾತು ಸರಿ. ರಸ್ತೆಗಿಳಿದ ಕೂಡಲೇ ಎದುರಿನಿಂದ ಬರುವ ರಿಕ್ಷಾದಲ್ಲಿ ಶಾಲೆಯ ಮಕ್ಕಳಿರುತ್ತಾರೆ. ಅಪಘಾತವಾದರೆ, ಮಾರ್ಪಾಡು ಮಾಡಿದ ಕಾರೆಂದು ವಿಮೆಯವರು ತಕರಾರು ತೆಗೆಯಲು ಅವಕಾಶವಾಗುತ್ತದೆ. ಆಗ ಕಾರಿನ ಯಜಮಾನ ಮಾತ್ರವಲ್ಲ, ಇಡೀ ಮನೆಯೇ ಕುಸಿಯುತ್ತದೆ.

ಆಗಬೇಕಾದುದೇನು?

ಮೊದಲನೆಯದಾಗಿ, ಮೋಟಾರು ವಾಹನ ಇಲಾಖೆಯವರು ಯಾವ ಬದಲಾವಣೆಗೆ ಅಪ್ಪಣೆ ಬೇಡ, ಯಾವುದಕ್ಕೆ ಅಪ್ಪಣೆ ಬೇಕು, ಯಾವುದು ಸರ್ವಥಾ ಸಲ್ಲದು ಎಂಬ ಮೂರು ಸಾಲಿನ ಪಟ್ಟಿಯನ್ನು ಪ್ರಕಟಿಸಲಿ. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಅದು ಮಲಯಾಳದ ಜೊತೆಗೆ ಕನ್ನಡದಲ್ಲಿಯೂ ಇರಲಿ. ಗಡಹಿಂಗ್ಲಜದ ಕನ್ನಡದ ಹಳ್ಳಿಗಳಿಗೂ ಇದೇ ಬೇಕು. ದಂಡದ ರಶೀದಿ ಯಾವ ಭಾಷೆಯಲ್ಲಿ ಬಂದರೂ ಅರ್ಥವಾಗುತ್ತದೆ. ದಂಡ ಬೀಳದಂತೆ ನಡೆಯುವ ದಾರಿ ಮಾತ್ರ ತಿಳಿಯುವ ಭಾಷೆಯಲ್ಲಿಯೇ ಇರಬೇಕಾಗುತ್ತದೆ.

ಎರಡನೆಯದಾಗಿ, ಹಳೆಯ ಕಾರಿನವನು ಕೆಲಸ ಮಾಡಿಸುವ ಮುಂಚೆಯೇ ಕಾರನ್ನು ಒಯ್ದು ತೋರಿಸಿ, ಸಲಹೆ ಪಡೆಯುವ ಒಂದು ದಿನವನ್ನು ತಿಂಗಳಿಗೊಮ್ಮೆಯಾದರೂ ಇಲಾಖೆ ಗೊತ್ತುಮಾಡಲಿ. ಹಿಡಿಯುವ ಇನ್‌ಸ್ಪೆಕ್ಟರರೇ ಹೇಳಿಕೊಡುವ ಇನ್‌ಸ್ಪೆಕ್ಟರರೂ ಆದರೆ ಇಬ್ಬರಿಗೂ ಶ್ರಮ ಉಳಿಯುತ್ತದೆ.

ಮೂರನೆಯದು ನಮ್ಮದೇ ಕೆಲಸ. ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದುದು ಎಂದು ನಾವು ಕರಿಹಲಗೆಯ ಮೇಲೆ ಬರೆಯುತ್ತೇವೆ. ಹುಡುಗರು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದ ದಿನ ಮರೆಯುತ್ತಾರೆ. ಅದೇ ಪಾಠವನ್ನು ಹತ್ತಿರದ ವರ್ಕ್‌ಶಾಪಿನಲ್ಲಿ, ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಒಂದು ಗಂಟೆ ನಡೆಸಿದರೆ ಮರೆಯಲಾರರು. ವರ್ಕ್‌ಶಾಪಿನ ಹುಡುಗನೂ ಅಂದು ಮಾಷ್ಟ್ರನಾಗುತ್ತಾನೆ. ತನ್ನ ಕೆಲಸಕ್ಕೆ ಶಾಲೆಯಲ್ಲಿ ಬೆಲೆ ಇದೆಯೆಂದು ಕಂಡ ಹುಡುಗ ತಪ್ಪು ಕೆಲಸವನ್ನು ಯಜಮಾನನ ಮುಖ ನೋಡಿ ಮಾಡುವುದಿಲ್ಲ. "ಇದು ಬೇಡ ಅಣ್ಣಾ, ಮೊದಲು ಸ್ಪ್ರಿಂಗು ಸರಿ ಮಾಡುವ" ಎಂದು ಹೇಳುವ ಧೈರ್ಯ ಅವನಿಗೆ ಬರುತ್ತದೆ.

ಹೆತ್ತವರಲ್ಲಿ ಕೊನೆಯದಾಗಿ ಒಂದು ಮಾತು. ಮಗ ಹಳೆಯ ಕಾರು ತಂದನೆಂದು ಬೈಯಬೇಡಿ; ಕೈಗೆ ಎಣ್ಣೆ ಮೆತ್ತಿಕೊಂಡು ಕಲಿಯುವುದು ಒಳ್ಳೆಯದೇ. ಕಾರು ಎಷ್ಟು ತಗ್ಗಿದೆ, ಏಕೆ ತಗ್ಗಿದೆ, ಅದರ ಭಾರವನ್ನು ಈಗ ಯಾವುದು ಹೊರುತ್ತಿದೆ ಎಂದು ಮಾತ್ರ ಒಮ್ಮೆ ಕೇಳಿ. ಮೂರನೆಯ ಪ್ರಶ್ನೆಗೆ ಅವನು ಸ್ಪ್ರಿಂಗು ಎಂದರೆ ನೆಮ್ಮದಿಯಿಂದ ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳಬಹುದು. ಗಾಳಿ ಎಂದರೆ ಅಂದಿನ ಪ್ರಯಾಣಕ್ಕೆ ಬಸ್ಸೇ ಒಳ್ಳೆಯದು.